ಸ್ಪ್ರೇ ಪೇಂಟಿಂಗ್ ಸುರಕ್ಷತೆ: ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನೋಟ

ಬಣ್ಣವನ್ನು ಗಾಳಿಯ ಅಥವಾ ಪಂಪಿನ ಒತ್ತಡದಿಂದ ಸಣ್ಣ ಸಣ್ಣ ಹನಿಗಳಾಗಿ ಒಡೆದು ಲೋಹ, ಮರ, ಗೋಡೆಗಳ ಮೇಲೆ ಕೂರಿಸುವ ವಿಧಾನಕ್ಕೆ ಸ್ಪ್ರೇ ಪೇಂಟಿಂಗ್ ಎಂದು ಹೆಸರು. ಬ್ರಷ್ಷಿಗಿಂತ ಇದರ ಕೆಲಸ ಎಷ್ಟೋ ಬೇಗ. ಬ್ರಷ್ಷಿನ ಗೆರೆಯೂ ಬೀಳುವುದಿಲ್ಲ. ಆದರೆ ಚರ್ಮವನ್ನು ತೂತು ಮಾಡಬಲ್ಲ ಒತ್ತಡ, ಕಿಡಿ ಸೋಕಿದರೆ ಭಗ್ಗನೆ ಹೊತ್ತಿಕೊಳ್ಳುವ ಥಿನ್ನರ್, ಉಸಿರಿನ ಜತೆ ಒಳಹೋಗುವ ರಾಸಾಯನಿಕ, ಈ ಮೂರೂ ಒಬ್ಬನೇ ಕೆಲಸಗಾರನ ಕೈಯಳತೆಯಲ್ಲಿ ಸೇರುವ ಕಸುಬುಗಳು ಹೆಚ್ಚಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ ಈ ಕಸುಬು ಹೆದ್ದಾರಿಗಳ ಜತೆ ಬೆಳೆದಿದೆ. 1986ರಲ್ಲಿ ಬೆಂಗಳೂರು ಜಿಲ್ಲೆ ಎರಡಾದಾಗ ಹುಟ್ಟಿದ ಈ ಜಿಲ್ಲೆ, 2007ರಲ್ಲಿ ರಾಮನಗರ ಪ್ರತ್ಯೇಕವಾದ ಮೇಲೆ ನಾಲ್ಕು ತಾಲ್ಲೂಕುಗಳಿಗೆ ಇಳಿಯಿತು. ದಾಬಸ್‌ಪೇಟೆಯಿಂದ ಹೊರಟು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ದಾಟಿ ಹೊಸೂರಿನ ಕಡೆ ಸಾಗುವ ರಾಷ್ಟ್ರೀಯ ಹೆದ್ದಾರಿ 648 ನಾಲ್ಕೂ ತಾಲ್ಲೂಕುಗಳನ್ನು ಹೊಲಿದ ದಾರಿ. ಸ್ಪ್ರೇ ಗನ್ನಿನ ಎಲ್ಲ ಅವತಾರಗಳೂ ಇದರ ಆಸುಪಾಸಿನಲ್ಲೇ ಸಿಗುತ್ತವೆ. ನೆಲಮಂಗಲದ ಸುತ್ತ ಲಾರಿ, ಟೆಂಪೋಗಳ ಟಿಂಕರಿಂಗ್ ಮತ್ತು ಪೇಂಟಿಂಗ್ ಶೆಡ್ಡುಗಳು. ಸೋಂಪುರ, ದಾಬಸ್‌ಪೇಟೆಯ ಕಡೆ ಸಾಲುಗೋದಾಮುಗಳ ಉಕ್ಕಿನ ಕಂಬ, ತೊಲೆಗಳು. ದೊಡ್ಡಬಳ್ಳಾಪುರದ ಬಾಶೆಟ್ಟಿಹಳ್ಳಿ, ಓಬದೇನಹಳ್ಳಿ ಕೈಗಾರಿಕಾ ಪ್ರದೇಶಗಳಲ್ಲಿ ಬಿಡಿಭಾಗಗಳಿಗೆ ಬಣ್ಣ. ದೇವನಹಳ್ಳಿಯಲ್ಲಿ 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಎದ್ದ ವಿಲ್ಲಾ, ಅಪಾರ್ಟ್‌ಮೆಂಟುಗಳ ಗೋಡೆಗಳು ಮತ್ತು ತೇಗದ ಬಾಗಿಲಿಗೆ ಹೊಡೆಯುವ ಪಿಯು (ಪಾಲಿಯುರೆಥೇನ್) ಪಾಲಿಶ್. ಹೊಸಕೋಟೆಯಲ್ಲಿ 1998ರಲ್ಲಿ ವೋಲ್ವೋ ಟ್ರಕ್ ಕಾರ್ಖಾನೆ ತೆರೆಯಿತು.

ಇಂಥ ದೊಡ್ಡ ಕಾರ್ಖಾನೆಯ ಸ್ಪ್ರೇ ಬೂತಿಗೂ ಹೆದ್ದಾರಿ ಬದಿಯ ತಗಡಿನ ಶೆಡ್ಡಿಗೂ ಬಳಕೆಯಾಗುವ ಬಣ್ಣ ಹೆಚ್ಚುಕಡಿಮೆ ಒಂದೇ. ಬೂತಿನಲ್ಲಿ ಛಾವಣಿಯ ಫಿಲ್ಟರಿನಿಂದ ಇಳಿದ ಗಾಳಿ ಬಣ್ಣದ ಮಂಜನ್ನು ನೆಲದ ಜಾಲರಿಯ ಕಡೆಗೆ ಎಳೆದೊಯ್ಯುತ್ತದೆ. ಶೆಡ್ಡಿನಲ್ಲಿ ಅದು ಹೊಡೆಯುವವನ ಮುಖದ ಸುತ್ತಲೇ ಉಳಿಯುತ್ತದೆ. ಈ ಕಸುಬಿನ ಸುರಕ್ಷತೆಯ ಬಹುಪಾಲು ಈ ವ್ಯತ್ಯಾಸದಲ್ಲೇ ಇದೆ.

ಸುಣ್ಣದಿಂದ ಡ್ಯೂಕೋವರೆಗೆ

ಬಣ್ಣ ಸಿಂಪಡಿಸುವ ಯಂತ್ರ ಹುಟ್ಟಿದ್ದು ಸುಣ್ಣ ಬಳಿಯುವ ಬೇಸರದಿಂದ. ಚಿಕಾಗೋದ ಮಾರ್ಷಲ್ ಫೀಲ್ಡ್ ಮಳಿಗೆಯ ನಿರ್ವಹಣೆ ನೋಡಿಕೊಳ್ಳುತ್ತಿದ್ದ ಜೋಸೆಫ್ ಬಿಂಕ್ಸ್, ನೆಲಮಾಳಿಗೆಯ ಗೋಡೆಗಳಿಗೆ ಸುಣ್ಣ ಹೊಡೆಯಲು 1880ರ ದಶಕದಲ್ಲಿ ಕೈಪಂಪಿನ ಸಿಂಪಡಣೆ ಯಂತ್ರ ಮಾಡಿಕೊಂಡ. 1893ರಲ್ಲಿ ಅದೇ ಊರಿನಲ್ಲಿ ನಡೆದ ಜಾಗತಿಕ ಮೇಳದ ಕಟ್ಟಡಗಳನ್ನು ಬೆಳ್ಳಗಾಗಿಸಲು ಸಿಂಪಡಣೆಯೇ ನೆರವಾಯಿತು. ವಾಹನಗಳ ಲೋಕಕ್ಕೆ ಗನ್ ಬಂದದ್ದು 1923ರ ನಂತರ, ಡ್ಯುಪಾಂಟ್ ಕಂಪನಿಯ ಬೇಗ ಒಣಗುವ ಡ್ಯೂಕೋ ಲ್ಯಾಕರ್ ಜತೆಗೆ. ಗ್ಯಾರೇಜು, ಫರ್ನಿಚರ್ ಅಂಗಡಿಗಳಲ್ಲಿ ಆ ಹೆಸರು ಇಂದಿಗೂ ಓಡುತ್ತಿದೆ. ಕರ್ನಾಟಕದಲ್ಲಿ ಬಣ್ಣದ ತಯಾರಿಕೆಗೆ ಸರ್ಕಾರಿ ನೆಲೆ ಸಿಕ್ಕಿದ್ದು 1937ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಲ್ಯಾಕ್ ಅಂಡ್ ಪೇಂಟ್ ವರ್ಕ್ಸ್‌ನಿಂದ. ಚುನಾವಣೆಯ ಅಳಿಸಲಾಗದ ಶಾಯಿಗೆ ಹೆಸರಾದ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್ ಇದೇ ಸಂಸ್ಥೆ.

ಈಗ ಬಳಕೆಯಲ್ಲಿರುವ ಗನ್ನುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಗ್ಯಾರೇಜಿನಲ್ಲಿ ಕಾಣುವುದು ಮೇಲೆ ಕಪ್ ಕೂರಿಸಿದ, ಕಂಪ್ರೆಸರಿನ ಗಾಳಿಯಿಂದ ನಡೆಯುವ ಗನ್. ಹಳೆಯ ಮಾದರಿಯಲ್ಲಿ ಬಣ್ಣದ ದೊಡ್ಡ ಪಾಲು ಕೆಲಸದ ಮೇಲೆ ಕೂರದೆ ಗಾಳಿಗೆ ಹೋಗುತ್ತದೆ. ಎಚ್‌ವಿಎಲ್‌ಪಿ (ಹೆಚ್ಚು ಗಾಳಿ, ಕಡಿಮೆ ಒತ್ತಡ) ಎಂಬ ಹೊಸ ಮಾದರಿಯಲ್ಲಿ ಗನ್ನಿನ ಬಾಯಲ್ಲಿ ಗಾಳಿಯ ಒತ್ತಡ 10 ಪಿಎಸ್‌ಐ (ಚದರ ಇಂಚಿಗೆ ಪೌಂಡು) ಮೀರುವುದಿಲ್ಲ. ಮಂಜು ಕಡಿಮೆ, ಬಣ್ಣದ ಖರ್ಚೂ ಕಡಿಮೆ. ಮಾಲೀಕರಿಗೆ ಇದನ್ನು ಆರೋಗ್ಯದ ಮಾತಾಗಿ ಹೇಳುವುದಕ್ಕಿಂತ ಉಳಿಯುವ ಬಣ್ಣದ ಲೆಕ್ಕದಲ್ಲಿ ಹೇಳಿದರೆ ಬೇಗ ಒಪ್ಪುತ್ತಾರೆ. ಎರಡನೆಯ ಬಗೆ ಏರ್‌ಲೆಸ್. ಗೋದಾಮು, ಅಪಾರ್ಟ್‌ಮೆಂಟುಗಳ ಕೆಲಸಕ್ಕೆ ಬರುವ ಯಂತ್ರ ಅದು, ಅದರ ಕಥೆಯೇ ಬೇರೆ.

ಸೂಜಿ ಚುಚ್ಚಿದಷ್ಟೇ ಗಾಯ

ಏರ್‌ಲೆಸ್ ಯಂತ್ರದಲ್ಲಿ ಗಾಳಿಗೆ ಕೆಲಸವಿಲ್ಲ. ಪಂಪ್ ಬಣ್ಣವನ್ನೇ ಹಿಂಡಿ ಕಿರಿದಾದ ತೂತಿನಿಂದ ಹೊರಕ್ಕೆ ನೂಕುತ್ತದೆ. ಅದರ ಟಿಪ್ಪಿನ ಮೇಲೆ 517 ಎಂಬಂಥ ಮೂರಂಕಿಯ ಸಂಖ್ಯೆ ಇರುತ್ತದೆ. ಮೊದಲ ಅಂಕಿಯನ್ನು ಇಮ್ಮಡಿಸಿದರೆ ಗೋಡೆಯ ಮೇಲೆ ಬೀಳುವ ಪಟ್ಟೆಯ ಅಗಲ ಸಿಗುತ್ತದೆ, ಇಲ್ಲಿ ಸುಮಾರು 10 ಇಂಚು. ಉಳಿದ ಎರಡು ಅಂಕಿ ತೂತಿನ ಅಳತೆ: ಇಂಚಿನ ಸಾವಿರದಲ್ಲಿ 17 ಭಾಗ, ಅಂದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಅದರ ಹಿಂದೆ ಸಾಮಾನ್ಯವಾಗಿ 1,500ರಿಂದ 3,300 ಪಿಎಸ್‌ಐ ಒತ್ತಡ ಇರುತ್ತದೆ. ಕಾರಿನ ಟೈರಿಗೆ ತುಂಬುವುದು 30ರಿಂದ 35. ಚರ್ಮ ತೂತಾಗಲು 100 ಪಿಎಸ್‌ಐ ಸಾಕು.

ಅಪಘಾತ ಆಗುವುದು ಸಾಮಾನ್ಯವಾಗಿ ಟಿಪ್ ಕಟ್ಟಿಕೊಂಡಾಗ. ಬಣ್ಣದ ಗಟ್ಟಿ ಕಣ ಸಿಕ್ಕಿಕೊಂಡು ಪಟ್ಟೆ ಒಡೆಯುತ್ತದೆ. ಬಲಗೈಯಲ್ಲಿ ಗನ್ ಹಿಡಿದವನು ಎಡಗೈ ತೋರುಬೆರಳಿನಿಂದ ಬಾಯನ್ನು ಒರೆಸುತ್ತಾನೆ, ಅಷ್ಟರಲ್ಲಿ ಟ್ರಿಗರ್ ಒತ್ತಿಹೋಗುತ್ತದೆ. ಬೆರಳ ತುದಿಯಲ್ಲಿ ಸೂಜಿ ಚುಚ್ಚಿದಷ್ಟು ಗುರುತು, ಒಂದೆರಡು ಹನಿ ರಕ್ತ. ಮೊದಲ ಒಂದೆರಡು ಗಂಟೆ ನೋವೂ ಅಷ್ಟಾಗಿ ಇರುವುದಿಲ್ಲ, ಬೆರಳು ಜೋಮು ಹಿಡಿದಂತೆ ಅನ್ನಿಸುತ್ತದೆ. ಕೆಲಸಗಾರ ಅದಕ್ಕೊಂದು ಬಟ್ಟೆ ಸುತ್ತಿ ಉಳಿದ ಗೋಡೆ ಮುಗಿಸುತ್ತಾನೆ. ಒಳಗೆ ಬಣ್ಣ ಸ್ನಾಯುರಜ್ಜುಗಳ ಕವಚ ಹಿಡಿದು ಅಂಗೈವರೆಗೆ, ಕೆಲವೊಮ್ಮೆ ಮಣಿಕಟ್ಟಿನ ಆಚೆಗೂ ಓಡಿರುತ್ತದೆ. ಥಿನ್ನರ್ ಮಾಂಸವನ್ನು ಸುಡುತ್ತಾ ಹೋಗುತ್ತದೆ, ಊತ ರಕ್ತನಾಳಗಳನ್ನು ಒತ್ತುತ್ತದೆ.

ವೈದ್ಯಕೀಯ ಸಾಹಿತ್ಯದಲ್ಲಿ ಈ ಬಗೆಯ ಗಾಯ ಮೊದಲು ದಾಖಲಾದದ್ದು 1937ರಲ್ಲಿ. ಅದು ಡೀಸೆಲ್ ಎಂಜಿನ್ನಿನ ಇಂಧನ ಚಿಮ್ಮಿ ಆದದ್ದು. 2006ರಲ್ಲಿ ಪ್ರಕಟವಾದ ಒಂದು ಸಮೀಕ್ಷೆ ಇಂಥ 435 ಪ್ರಕರಣಗಳನ್ನು ಒಟ್ಟುಗೂಡಿಸಿ ನೋಡಿತು. ಸುಮಾರು ಶೇಕಡಾ 30 ಮಂದಿ ಬೆರಳನ್ನೋ ಕೈಯ ಭಾಗವನ್ನೋ ಕಳೆದುಕೊಂಡಿದ್ದರು. ಥಿನ್ನರಿನಂಥ ದ್ರಾವಕ ಒಳಹೊಕ್ಕಾಗ 6 ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆದವರಿಗೆ ಅಂಗ ಉಳಿಯುವ ಸಾಧ್ಯತೆ ಹೆಚ್ಚಿತ್ತು. ಈ ಲೆಕ್ಕ ಹಳ್ಳಿಯ ಕ್ಲಿನಿಕ್ಕಿಗೂ ಗೊತ್ತಿರಬೇಕು. ಟಿಟಿ ಇಂಜೆಕ್ಷನ್ ಕೊಟ್ಟು ಪಟ್ಟಿ ಕಟ್ಟಿ ಕಳಿಸಿದರೆ ಆ 6 ಗಂಟೆ ಮನೆಯಲ್ಲೇ ಕಳೆದುಹೋಗುತ್ತದೆ. ಗಾಯವನ್ನು ಹಿಂಡಬಾರದು, ಥಿನ್ನರಿನಲ್ಲಿ ತೊಳೆಯಬಾರದು. ಕೈಯನ್ನು ಮೇಲೆತ್ತಿ ಹಿಡಿದು, ಕೈ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೆ ನೇರ ಹೋಗಬೇಕು. ಬಣ್ಣದ ಡಬ್ಬಿಯನ್ನೂ ಜತೆಗೆ ಒಯ್ಯಬೇಕು. ಏಕೆಂದರೆ ಒಳಗೆ ಹೋದದ್ದು ನೀರಿನ ಎಮಲ್ಷನ್ನೋ ಎಪಾಕ್ಸಿಯೋ ಎಂಬುದು ವೈದ್ಯರಿಗೆ ಮೊದಲು ಬೇಕಾಗುವ ಮಾಹಿತಿ. "ಚುಚ್ಚಿತು" ಎಂದಷ್ಟೇ ಹೇಳಿದರೆ ಸಾಲದು, "ಪೇಂಟ್ ಪಂಪಿನ ಒತ್ತಡದಲ್ಲಿ ಒಳಗೆ ಹೋಯಿತು" ಎನ್ನಬೇಕು.

ಇದನ್ನು ತಪ್ಪಿಸುವ ಕ್ರಮ ಎರಡು ನಿಮಿಷದ್ದು. ಟ್ರಿಗರ್ ಲಾಕ್ ಹಾಕಿ ಪಂಪಿನ ಸ್ವಿಚ್ ಆರಿಸಬೇಕು. ಒತ್ತಡದ ಗುಂಡಿಯನ್ನು ಪೂರ್ತಿ ಕಡಿಮೆಗೆ ತಿರುಗಿಸಿ, ಡ್ರೈನ್ ವಾಲ್ವ್ ತೆರೆಯಬೇಕು. ಆಮೇಲೆ ಲಾಕ್ ತೆಗೆದು, ಗನ್ನನ್ನು ಲೋಹದ ಬಕೆಟ್ಟಿನ ಅಂಚಿಗೆ ಒತ್ತಿ ಹಿಡಿದು ಒಮ್ಮೆ ಒತ್ತಿ ಉಳಿದ ಒತ್ತಡ ಇಳಿಸಿ, ಮತ್ತೆ ಲಾಕ್ ಹಾಕಬೇಕು. ಟಿಪ್ಪಿಗೆ ಕೈ ಹಾಕುವುದು ಇಷ್ಟಾದ ಮೇಲೆ. ಪ್ಲಗ್ ಕಿತ್ತರೆ ಸಾಕು ಎಂಬ ನಂಬಿಕೆ ಸುಳ್ಳು. ಕರೆಂಟು ಹೋದರೂ ಹೋಸಿನೊಳಗೆ ಒತ್ತಡ ಹಾಗೇ ನಿಂತಿರುತ್ತದೆ. ಹೋಸಿನಲ್ಲಿ ಸೋರಿಕೆ ಕಂಡರೆ ಬೆರಳಿಟ್ಟು ನೋಡುವುದು, ಇನ್ಸುಲೇಷನ್ ಟೇಪ್ ಸುತ್ತುವುದು ಎರಡೂ ಬೆರಳಿಗೆ ತಂದುಕೊಳ್ಳುವ ಕುತ್ತು. ಚರ್ಮದ ಗ್ಲೌಸ್ ಈ ಧಾರೆಯನ್ನು ತಡೆಯುವುದಿಲ್ಲ. ಟಿಪ್ಪಿನ ಮುಂದಿರುವ ಹಳದಿ ಅಥವಾ ಕಿತ್ತಳೆ ಬಣ್ಣದ ಗಾರ್ಡ್ ಇರುವುದು ಬೆರಳು ಹತ್ತಿರ ಬಾರದಿರಲಿ ಎಂದು. ಮೂಲೆಗೆ ಬಣ್ಣ ಸರಿಯಾಗಿ ಬೀಳುವುದಿಲ್ಲವೆಂದು ಮೊದಲ ದಿನವೇ ಕಿತ್ತೆಸೆಯುವವರು ಅನೇಕರು.

ಧೂಳಿನ ಭಯ, ಮುಚ್ಚಿದ ಬಾಗಿಲು

ನೆಲಮಂಗಲ, ಹೊಸಕೋಟೆಯ ಹೆದ್ದಾರಿ ಬದಿಯಲ್ಲಿ ಪೇಂಟರಿಗೆ ದೊಡ್ಡ ಶತ್ರು ಧೂಳು. ಒಣಗದ ಬಾನೆಟ್ಟಿನ ಮೇಲೆ ಒಂದು ಕಣ ಕೂತರೂ ಮತ್ತೆ ತಿಕ್ಕಿ, ಮತ್ತೆ ಹೊಡೆಯಬೇಕು. ಹಾಗಾಗಿ ಶಟರ್ ಇಳಿಸಿ, ಸಂದಿಗಳಿಗೆ ಪ್ಲಾಸ್ಟಿಕ್ ಕಟ್ಟಿ, ಫ್ಯಾನ್ ಆರಿಸಿ ಕೆಲಸ ಶುರುವಾಗುತ್ತದೆ. ಹೊಳಪು ಚೆನ್ನಾಗಿ ಬರಲೆಂದು ಮಾಡುವ ಈ ಏರ್ಪಾಡೇ ಒಳಗಿನ ಗಾಳಿಯನ್ನು ವಿಷ ಮಾಡುತ್ತದೆ. ಮಾಸ್ಕ್ ಹಾಕಿಕೊಳ್ಳದ ಹುಡುಗನನ್ನು ಬೈಯುವವರು ಈ ಇಕ್ಕಟ್ಟನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲ. ಒಳಬರುವ ಗಾಳಿಗೆ ಫಿಲ್ಟರ್, ಹೊರಹೋಗುವ ಗಾಳಿಗೆ ಎಕ್ಸಾಸ್ಟ್ ಇಟ್ಟರೆ ಧೂಳೂ ಬರುವುದಿಲ್ಲ, ಮಂಜೂ ನಿಲ್ಲುವುದಿಲ್ಲ. ಅದಕ್ಕೆ ಹಣ ಬೇಕು, ಮಾಸ್ಕಿಗಿಂತ ಬಹಳ ಹೆಚ್ಚು ಹಣ.

ವಾಹನಗಳ ಪಿಯು ಬಣ್ಣ ಎರಡು ಡಬ್ಬಿಗಳಲ್ಲಿ ಬರುತ್ತದೆ, ಬಣ್ಣ ಒಂದರಲ್ಲಿ, ಹಾರ್ಡ್ನರ್ ಇನ್ನೊಂದರಲ್ಲಿ. ಹಾರ್ಡ್ನರಿನಲ್ಲಿರುವುದು ಐಸೊಸಯನೇಟ್ ಕುಲದ ರಾಸಾಯನಿಕ. ಇವುಗಳಲ್ಲಿ ಎಚ್‌ಡಿಐ ಎಂಬುದಕ್ಕೆ ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಸೂಚಿಸಿರುವ ಮಿತಿ ಗಾಳಿಯ 100 ಕೋಟಿ ಭಾಗದಲ್ಲಿ 5 ಭಾಗ. ಅದರ ವಾಸನೆ ಮೂಗಿಗೆ ಗೊತ್ತಾಗುವ ಹೊತ್ತಿಗೆ ಮಿತಿ ದಾಟಿರುತ್ತದೆ, ಆದ್ದರಿಂದ ಮೂಗನ್ನು ನಂಬಿ ಕೂರುವಂತಿಲ್ಲ. ಇದು ತರುವುದು ಅಸ್ತಮಾ. ಒಮ್ಮೆ ದೇಹಕ್ಕೆ ಒಗ್ಗದಾಯಿತೆಂದರೆ ಆಮೇಲೆ ಅತ್ಯಲ್ಪ ಪ್ರಮಾಣವೂ ಉಬ್ಬಸ ಎಬ್ಬಿಸುತ್ತದೆ, ಪೇಂಟರ್ ಕಸುಬನ್ನೇ ಬಿಡಬೇಕಾಗುತ್ತದೆ. ಲಕ್ಷಣಗಳು ಎಷ್ಟೋ ಸಲ ಸಂಜೆಯೋ ರಾತ್ರಿಯೋ ಕಾಣಿಸಿಕೊಳ್ಳುತ್ತವೆ. ಭಾನುವಾರ ಕಮ್ಮಿಯಾಗಿ ವಾರದ ನಡುವೆ ಜೋರಾಗುವ ಕೆಮ್ಮನ್ನು ತಂಡಿ ಎಂದು ತಳ್ಳಿಹಾಕುವುದು ಸುಲಭ.

ಬ್ರಿಟನ್ನಿನ ಕಾರ್ಮಿಕ ಸುರಕ್ಷತಾ ಅಧಿಕಾರಿಗಳು ಇನ್ನೊಂದು ಸಣ್ಣ ಅಭ್ಯಾಸದತ್ತ ಬೆರಳು ತೋರಿಸಿದ್ದಾರೆ. ಹೊಡೆದು ಮುಗಿಸಿದ ಕೂಡಲೇ ಹೊಳಪು ನೋಡಲು ಪೇಂಟರ್ ಮುಖಗವಸು ಮೇಲೆತ್ತುತ್ತಾನೆ. ಮಂಜು ಕಣ್ಣಿಗೆ ಮರೆಯಾಗಿರುತ್ತದೆ, ಆದರೆ ತೀರಾ ಸಣ್ಣ ಹನಿಗಳು ಇನ್ನೂ ಹಲವು ನಿಮಿಷ ತೇಲುತ್ತಲೇ ಇರುತ್ತವೆ.

ದ್ರಾಕ್ಷಿ ತೋಟಕ್ಕೆ ಔಷಧಿ ಹೊಡೆಯುವಾಗ ಮೂಗಿಗೆ ಟವೆಲ್ ಕಟ್ಟಿ ರೂಢಿಯಾದ ಊರುಗಳಿವು. ಗನ್ ಹಿಡಿದಾಗಲೂ ಅದೇ ಟವೆಲ್, ಇಲ್ಲವೇ ಕೋವಿಡ್ ಕಾಲದಲ್ಲಿ ಉಳಿದ ಮಾಸ್ಕ್. ಎರಡೂ ಥಿನ್ನರಿನ ಆವಿಯನ್ನು ತಡೆಯುವುದಿಲ್ಲ. ಎನ್-95 ಹನಿಗಳನ್ನು ಹಿಡಿಯುತ್ತದೆ, ಆವಿಯನ್ನು ಬಿಡುತ್ತದೆ. ಆವಿಗೆ ಬೇಕಾದದ್ದು ಇದ್ದಿಲಿನ ಕಾರ್ಟ್ರಿಜ್ ಇರುವ ಮಾಸ್ಕ್, ಅದರ ಮುಂದೊಂದು ಹನಿ ತಡೆಯುವ ಫಿಲ್ಟರ್. ಕಾರ್ಟ್ರಿಜ್ ತೆರೆದಿಟ್ಟರೆ ಗಾಳಿಯಲ್ಲಿರುವುದನ್ನೆಲ್ಲ ಹೀರಿ ತಾನೇ ಮುಗಿದುಹೋಗುತ್ತದೆ, ಕೆಲಸವಾದ ಮೇಲೆ ಅದನ್ನು ಮುಚ್ಚುವ ಡಬ್ಬಿಯಲ್ಲಿ ಇಡಬೇಕು. ಗಡ್ಡ ಬಿಟ್ಟ ಮುಖಕ್ಕೆ ಮಾಸ್ಕ್ ಅಂಟಿ ಕೂರುವುದಿಲ್ಲ. ಪಿಯು ಬಣ್ಣ ದಿನವೂ ಹೊಡೆಯುವವರಿಗೆ ಹೊರಗಿನಿಂದ ಶುದ್ಧ ಗಾಳಿ ಹರಿಸುವ ಮುಖಗವಸೇ ಸರಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 1989ರಲ್ಲೇ ಪೇಂಟರ್ ಕಸುಬನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿದೆ.

ಬೆಂಕಿ

ಥಿನ್ನರಿನ ಸಾಮಾನ್ಯ ಅಂಶವಾದ ಟಾಲ್ವೀನ್ 4 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶದಲ್ಲೇ ಕಿಡಿಗೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ದೊಡ್ಡಬಳ್ಳಾಪುರದ ಡಿಸೆಂಬರ್ ಬೆಳಗಿನ ಚಳಿಯೂ ಅದಕ್ಕೆ ಬಿಸಿಯೇ. ಗಾಳಿಯಲ್ಲಿ ಅದರ ಆವಿ ಶೇಕಡಾ 1.1 ಸೇರಿದರೆ ಸ್ಫೋಟಕ್ಕೆ ಸಾಕು. ಲೆಕ್ಕ ಹಾಕಿದರೆ 1 ಲೀಟರ್ ಟಾಲ್ವೀನ್ ಪೂರ್ತಿ ಆವಿಯಾಗಿ ಸುಮಾರು 20 ಘನ ಮೀಟರ್ ಗಾಳಿಯನ್ನು ಹೊತ್ತುವ ಮಿಶ್ರಣ ಮಾಡಬಲ್ಲದು, ಅಂದರೆ 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಬಹುಪಾಲು ಗಾಳಿ. ಆವಿ ಗಾಳಿಗಿಂತ ಮೂರು ಪಟ್ಟು ಭಾರ. ನೆಲದ ಮೇಲೆ ಹರಡಿ, ಸರ್ವಿಸ್ ಪಿಟ್ಟಿಗೆ ಇಳಿದು, ಪಕ್ಕದ ಕೋಣೆಯ ಬೆಂಕಿಯವರೆಗೂ ತಲುಪುತ್ತದೆ.

ಕಿಡಿ ಎಲ್ಲಿಂದ ಬರುತ್ತದೆ? ಪಕ್ಕದಲ್ಲೇ ನಡೆಯುವ ವೆಲ್ಡಿಂಗ್, ಗ್ರೈಂಡಿಂಗ್ ಎಲ್ಲರಿಗೂ ತಿಳಿದದ್ದು. ಬಣ್ಣ ಬೇಗ ಒಣಗಲೆಂದು ಹತ್ತಿರ ತಂದಿಡುವ ಹ್ಯಾಲೊಜೆನ್ ದೀಪ, ತುಂಡಾದ ಎಕ್ಸ್‌ಟೆನ್ಷನ್ ವೈರು, ಸ್ಪ್ರೇ ಮಾಡುವ ಜಾಗದಲ್ಲೇ ಆನ್ ಆಗುವ ಕಂಪ್ರೆಸರ್ ಮೋಟಾರು, ದೇವರ ಫೋಟೊ ಮುಂದಿನ ಊದುಬತ್ತಿ ಇವುಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇನ್ನೊಂದು ಕಿಡಿ ಕಣ್ಣಿಗೇ ಕಾಣದ್ದು: ಸ್ಥಿರ ವಿದ್ಯುತ್ತು. ಏರ್‌ಲೆಸ್ ಗನ್ನನ್ನು ಥಿನ್ನರಿನಿಂದ ತೊಳೆಯುವಾಗ ವೇಗದ ಧಾರೆ ವಿದ್ಯುದಂಶ ಹೊತ್ತು ತರುತ್ತದೆ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಅದಕ್ಕೆ ಭೂಮಿಗೆ ಇಳಿಯುವ ದಾರಿ ಇಲ್ಲ. ಅರ್ತ್ ಮಾಡಿದ ಲೋಹದ ಬಕೆಟ್ಟೇ ಬೇಕು, ಗನ್ನು ಅದರ ಅಂಚಿಗೆ ತಾಗಿಕೊಂಡೇ ಇರಬೇಕು. ಒಣ ಪುಡಿ ಸಿಂಪಡಿಸುವ ಪೌಡರ್ ಕೋಟಿಂಗಿನಲ್ಲಿ ಥಿನ್ನರ್ ಇಲ್ಲದಿದ್ದರೂ ನಿಶ್ಚಿಂತೆಯಿಲ್ಲ. ತೇಲುವ ನುಣ್ಣನೆಯ ಪುಡಿಯೂ ಸ್ಫೋಟಿಸುತ್ತದೆ.

ದ್ರಾವಕಗಳ ದಾಸ್ತಾನು ಮನೆಗಳ ನಡುವೆ ಇದ್ದರೆ ಏನಾಗುತ್ತದೆಂದು ಬೆಂಗಳೂರು 2020ರ ನವೆಂಬರ್ 10ರಂದು ನೋಡಿತು. ಮೈಸೂರು ರಸ್ತೆಯ ಬಾಪೂಜಿನಗರದ ಕೆಮಿಕಲ್ ಗೋದಾಮಿಗೆ ಬೆಂಕಿ ಬಿದ್ದು ಸುತ್ತಲ ಮನೆಗಳನ್ನು ಖಾಲಿ ಮಾಡಿಸಬೇಕಾಯಿತು. ಗ್ಯಾರೇಜಿನ ದಾಸ್ತಾನು ಅಷ್ಟು ದೊಡ್ಡದಲ್ಲ. ಆದರೂ ಒಂದು ದಿನಕ್ಕೆ ಬೇಕಾದಷ್ಟೇ ಥಿನ್ನರ್ ಒಳಗಿಟ್ಟು ಉಳಿದದ್ದನ್ನು ಹೊರಗೆ ಬೇರೆ ಬೀಗದ ಕೋಣೆಯಲ್ಲಿ ಇಡುವುದು, ಒರೆಸಿದ ಬಟ್ಟೆಗಳನ್ನು ಮುಚ್ಚಳದ ಲೋಹದ ಡಬ್ಬಿಗೆ ಹಾಕುವುದು ಖರ್ಚಿಲ್ಲದ ಕೆಲಸಗಳು.

ಕಂಪ್ರೆಸರ್

ಆಯುಧಪೂಜೆಯ ದಿನ ಕಂಪ್ರೆಸರನ್ನು ತೊಳೆದು, ಕುಂಕುಮ ಹಚ್ಚಿ, ಹಾರ ಹಾಕಿ, ಕುಂಬಳಕಾಯಿ ಒಡೆಯುತ್ತಾರೆ. ಅದರ ಸೇಫ್ಟಿ ವಾಲ್ವಿನ ಉಂಗುರವನ್ನು ಮಾತ್ರ ವರ್ಷಕ್ಕೊಮ್ಮೆಯೂ ಎಳೆದು ನೋಡುವುದಿಲ್ಲ. ಗಾಳಿಯಲ್ಲಿನ ತೇವ ಟ್ಯಾಂಕಿನ ತಳದಲ್ಲಿ ನೀರಾಗಿ ನಿಂತು ಒಳಗಿನಿಂದ ತುಕ್ಕು ಹಿಡಿಸುತ್ತದೆ, ಹೊರಗಿನ ಬಣ್ಣ ಮಾತ್ರ ಹೊಸದಾಗೇ ಕಾಣುತ್ತಿರುತ್ತದೆ. ದಿನದ ಕೊನೆಗೆ ಡ್ರೈನ್ ಕಾಕ್ ತಿರುಗಿಸಿ ನೀರು ಬಿಟ್ಟರೆ ಟ್ಯಾಂಕಿಗೂ ಒಳ್ಳೆಯದು, ಬಣ್ಣದ ಹೊಳಪಿಗೂ ಒಳ್ಳೆಯದು. ಬಣ್ಣವನ್ನು ಗಾಳಿಯ ಒತ್ತಡದಲ್ಲಿ ಗನ್ನಿಗೆ ಕಳಿಸುವ ಪ್ರೆಶರ್ ಪಾಟ್ ಬಳಸುವ ಕಡೆ ಇನ್ನೊಂದು ಎಚ್ಚರ ಬೇಕು. 30 ಸೆಂಟಿಮೀಟರ್ ಅಗಲದ ಮುಚ್ಚಳದ ಮೇಲೆ ಪ್ರತಿ ಚದರ ಸೆಂಟಿಮೀಟರಿಗೆ 4 ಕಿಲೋ ಒತ್ತಡ ಇದ್ದರೆ ಒಟ್ಟು ಬಲ 2,800 ಕಿಲೋ ಆಗುತ್ತದೆ. ಗಾಳಿ ಪೂರ್ತಿ ಬಿಡದೆ ಬೋಲ್ಟ್ ಸಡಿಲಿಸಿದವನ ಮುಖಕ್ಕೆ ಅದು ಹಾರುತ್ತದೆ.

ಗಾಳಿಯ ಪೈಪಿನಿಂದ ಮೈ ಮೇಲಿನ ಧೂಳು ಊದಿಕೊಳ್ಳುವುದು, ಗೆಳೆಯನ ಮೇಲೆ ಬಿಟ್ಟು ತಮಾಷೆ ಮಾಡುವುದು ವರ್ಕ್‌ಶಾಪುಗಳ ಹಳೆಯ ಚಾಳಿ. 2024ರ ಮಾರ್ಚ್‌ನಲ್ಲಿ ಬೆಂಗಳೂರಿನ ಸಂಪಿಗೆಹಳ್ಳಿ ಠಾಣಾ ವ್ಯಾಪ್ತಿಯ ವಾಹನ ಸರ್ವಿಸ್ ಕೇಂದ್ರವೊಂದರಲ್ಲಿ ಇಂಥದೇ ಆಟದಲ್ಲಿ ಗಾಳಿ ಹೊಟ್ಟೆಯೊಳಗೆ ಹೊಕ್ಕು 24 ವರ್ಷದ ಯುವಕ ಸತ್ತ. ಕರುಳು ಹರಿಯಲು ಕ್ಷಣಕಾಲ ಸಾಕು.

ಕಾನೂನು ಮತ್ತು ಅದರ ಅಂಚು

1948ರ ಕಾರ್ಖಾನೆ ಕಾಯ್ದೆಯಲ್ಲಿ ಒತ್ತಡದ ಯಂತ್ರಗಳಿಗೆ 31ನೆಯ ಕಲಂ, ಹೊತ್ತಿಕೊಳ್ಳುವ ಆವಿ ಮತ್ತು ಧೂಳಿಗೆ 37ನೆಯ ಕಲಂ ಇದ್ದವು. ಟ್ಯಾಂಕಿನಂಥ ಇಕ್ಕಟ್ಟಾದ ಜಾಗಕ್ಕೆ ಇಳಿಯುವ ಬಗ್ಗೆ 36ನೆಯ ಕಲಂ ಹೇಳುತ್ತಿತ್ತು, ಅಲ್ಲಿ 24 ವೋಲ್ಟ್ ಮೀರಿದ ಕೈದೀಪ ಬಳಸುವಂತಿರಲಿಲ್ಲ. ವೈದ್ಯರು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಯಲ್ಲಿ ಸೀಸದ ವಿಷ, ಬೆಂಜೀನ್ ವಿಷಗಳ ಜತೆ ಐಸೊಸಯನೇಟ್ ವಿಷವೂ ಸೇರಿದೆ. ಈ ವಿಷಯಗಳನ್ನೆಲ್ಲ ಒಳಗೊಳ್ಳುವ ಹೊಸ ಸುರಕ್ಷತಾ ಸಂಹಿತೆಯನ್ನು ಸಂಸತ್ತು 2020ರಲ್ಲಿ ಅಂಗೀಕರಿಸಿತು, 2025ರ ನವೆಂಬರಿನಲ್ಲಿ ಅದು ಜಾರಿಗೆ ಬಂದು ಹಳೆಯ ಕಾಯ್ದೆಯ ಜಾಗ ಹಿಡಿಯಿತು. ರಾಜ್ಯದಲ್ಲಿ ತಪಾಸಣೆಯ ಹೊಣೆ ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆಯದು.

ತೊಡಕು ಇರುವುದು ಸಂಖ್ಯೆಯಲ್ಲಿ. ವಿದ್ಯುತ್ ಬಳಸುವ ಕಡೆ 10 ಮಂದಿ ಇದ್ದರೆ ಕಾರ್ಖಾನೆ ಎಂದು 1948ರ ಕಾಯ್ದೆ ಗೆರೆ ಎಳೆದಿತ್ತು. ಹೊಸ ಸಂಹಿತೆ ಅದನ್ನು 20ಕ್ಕೆ ಏರಿಸಿದೆ. ಮೂರು ನಾಲ್ಕು ಜನರ ಪೇಂಟಿಂಗ್ ಶೆಡ್ ಎರಡಕ್ಕೂ ಹೊರಗೆ. ಅಪಾಯ ಹೆಚ್ಚಿರುವ ಕಡೆಯೇ ತಪಾಸಣೆ ಇಲ್ಲದಂತಾಗಿದೆ. ಕಟ್ಟಡದ ಪೇಂಟರುಗಳ ಸ್ಥಿತಿ ಸ್ವಲ್ಪ ವಾಸಿ, ಅವರು ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿಕೊಳ್ಳಬಹುದು. ಗ್ಯಾರೇಜಿನ ಹುಡುಗರ ವಯಸ್ಸಿನ ಪ್ರಶ್ನೆಯೂ ಇದೆ. 1986ರ ಬಾಲಕಾರ್ಮಿಕ ಕಾಯ್ದೆಯ ನಿಷೇಧಿತ ಕೆಲಸಗಳ ಪಟ್ಟಿಗೆ ವಾಹನ ದುರಸ್ತಿಯ ವೆಲ್ಡಿಂಗ್, ಡೆಂಟ್ ಬಡಿಯುವುದು, ಪೇಂಟಿಂಗ್ ಹೆಸರು ಹಿಡಿದೇ ಸೇರಿದ್ದವು. 2016ರ ತಿದ್ದುಪಡಿಯ ನಂತರ 14 ವರ್ಷದೊಳಗಿನವರನ್ನು ಯಾವ ಗ್ಯಾರೇಜಿನಲ್ಲೂ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ.

ಕಸುಬಿನಿಂದ ಬರುವ ಕಾಯಿಲೆಗಳನ್ನು ಅಧ್ಯಯನ ಮಾಡುವ ಕೇಂದ್ರವೊಂದು ಜಿಲ್ಲೆಯೊಳಗೇ ಇದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗೆ ಸೇರಿದ ದಕ್ಷಿಣ ಪ್ರಾದೇಶಿಕ ಔದ್ಯೋಗಿಕ ಆರೋಗ್ಯ ಕೇಂದ್ರ ದೇವನಹಳ್ಳಿ ತಾಲ್ಲೂಕಿನ ಕನ್ನಮಂಗಲದ ಬಳಿ ಕೆಲಸ ಮಾಡುತ್ತಿದೆ. ಹೆದ್ದಾರಿ ಬದಿಯ ಪೇಂಟರುಗಳಲ್ಲಿ ಅದರ ಹೆಸರು ಕೇಳಿದವರು ಎಷ್ಟಿದ್ದಾರು!

ಸೀಸದ ವಿಷಯದಲ್ಲಿ ನಿಯಮ ಒಂದು ಹೆಜ್ಜೆ ಮುಂದೆ ಹೋಗಿದೆ. 2016ರಲ್ಲಿ ಹೊರಬಂದು 2017ರ ನವೆಂಬರ್ 1ರಿಂದ ಜಾರಿಯಾದ ನಿಯಮಾವಳಿ ಮನೆಗೆ ಮತ್ತು ಅಲಂಕಾರಕ್ಕೆ ಬಳಸುವ ಬಣ್ಣದಲ್ಲಿ ಸೀಸದ ಮಿತಿಯನ್ನು 10 ಲಕ್ಷ ಭಾಗಕ್ಕೆ 90 ಭಾಗವೆಂದು ಗೊತ್ತುಪಡಿಸಿದೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಸೀಸದ ರಾಷ್ಟ್ರೀಯ ಕೇಂದ್ರ ಕಟ್ಟಿದ ಡಾ. ತುಪ್ಪಿಲ್ ವೆಂಕಟೇಶ್ ಅವರು ಬಣ್ಣದಲ್ಲಿನ ಸೀಸದ ವಿರುದ್ಧ ವರ್ಷಗಟ್ಟಲೆ ದನಿ ಎತ್ತಿದವರು. ಆದರೆ ಆ ನಿಯಮಾವಳಿಯ ಹೆಸರೇ ಹೇಳುವಂತೆ ಕಾರ್ಖಾನೆಗಳ ಮತ್ತು ವಾಹನಗಳ ಬಣ್ಣ ಅದರ ವ್ಯಾಪ್ತಿಗೆ ಬರುವುದಿಲ್ಲ. 2017ಕ್ಕಿಂತ ಹಳೆಯ ಗೇಟು, ಗ್ರಿಲ್ಲುಗಳ ಮೇಲೂ ಹಳೆಯ ಬಣ್ಣವೇ ಕೂತಿದೆ. ಹೊಸ ಕೋಟಿಗೆ ಮುಂಚೆ ಅವುಗಳನ್ನು ಒಣಗಿದ ಹಾಗೇ ತಿಕ್ಕಿದರೆ ಸೀಸದ ಧೂಳು ಬಟ್ಟೆಯಲ್ಲಿ ಕೂತು ಮನೆಯ ಮಕ್ಕಳವರೆಗೂ ಹೋಗುತ್ತದೆ. ವಾಟರ್ ಪೇಪರಿನಲ್ಲಿ ಒದ್ದೆ ಮಾಡಿ ತಿಕ್ಕುವುದು, ಕೆಲಸದ ಬಟ್ಟೆಯನ್ನು ಶೆಡ್ಡಿನಲ್ಲೇ ಬದಲಿಸುವುದು, ಊಟಕ್ಕೆ ಮುಂಚೆ ಥಿನ್ನರ್ ಬಿಟ್ಟು ಸೋಪು ಹಾಕಿ ಕೈ ತೊಳೆಯುವುದು ಈ ಕೆಲಸಕ್ಕೆ ಬೇಕಾದ ಕ್ರಮಗಳು.